ಉಸ್ತಾದರ ಮುಂದೆ ಓದಿದ್ದು

ಉಸ್ತಾದರ ಎಡಗಿವಿ ಒಣಗಿದ ಅಣಬೆಯಂತೆ ಮುದುರಿಹೋಗಿತ್ತು. ಹೊಸಬರು ದಿಟ್ಟಿಸಿದರೆ, "ಗರಡಿ ಮಟ್ಟಿ ಮಣ್ಣಾಗೆ ಉಜ್ಜಿ ಉಜ್ಜಿ ಹಿಂಗಾಗೈತೆ, ಮುಟ್ಟಿ ನೋಡಿ ಬೇಕಾದ್ರೆ" ಎಂದು ತಲೆಯನ್ನೇ ಮುಂದಕ್ಕೆ ಒಡ್ಡುತ್ತಿದ್ದರು. ಹಗಲೆಲ್ಲ ಚನ್ನಪಟ್ಟಣದ ತಮ್ಮ ಮನೆಯ ಜಗಲಿಯಲ್ಲಿ ಕೂತು ಮರದ ಬೊಂಬೆ ಕಡೆದು ಅರಗಿನ ಬಣ್ಣ ಹಚ್ಚುವುದು, ಸಂಜೆಯಾದರೆ ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವುದು. ಓದುಬರಹ ಬಾರದು. "ಮೊದ್ಲು ಬೀಳೋದು ಕಲಿಯೋ, ಬೀಳ್ಸೋದು ಆಮೇಲೆ" ಎಂದು ಗದರುವುದು ದಿನಕ್ಕೆ ಹತ್ತು ಸಲ ಕೇಳಿಸುತ್ತಿತ್ತು.

ನಾನು ಅದೇ ಊರಿನ ಶಾಲೆಯ ಮೇಷ್ಟ್ರು. ಮೈಸೂರಿನ ಒಂದು ವಾರಪತ್ರಿಕೆಗೆ ಸುಳ್ಳು ಹೆಸರಿನಲ್ಲಿ ಕುಸ್ತಿಯ ಬಗ್ಗೆ ಬರೆಯುತ್ತಿದ್ದೆ. ಜನ್ಮದಲ್ಲಿ ಮಟ್ಟಿಗೆ ಕಾಲಿಟ್ಟವನಲ್ಲ, ಆದರೂ ತೀರ್ಪು ಕೊಡುವುದರಲ್ಲಿ ಭಾರಿ ಜೋರು. ಬರೆಯುವವನು ಪೈಲ್ವಾನನ ಮುಖ ನೋಡಿದರೆ ದಾಕ್ಷಿಣ್ಯಕ್ಕೆ ಸಿಕ್ಕಿ ನಿಜ ಹೇಳಲಾರ ಎಂಬುದು ನನ್ನ ವಾದ. ಅದು ಪೂರ್ತಿ ಸುಳ್ಳೆಂದು ಈಗಲೂ ಅನ್ನುವುದಿಲ್ಲ.

ಒಂದು ಸಲ ಕ್ಲೋಸ್‌ಪೇಟೆಯ ಕುಸ್ತಿಯಲ್ಲಿ ಉಸ್ತಾದರು ಕನಕಪುರದ ಕಡೆಯ ಒಬ್ಬ ಎಳೆಯ ರೈತನ ತೋಳು ಹಿಡಿದು ತಿರುಚಿದ್ದರು. ಇನ್ನೇನು ಗೆದ್ದರು ಅನ್ನುವಷ್ಟರಲ್ಲಿ ಹಿಡಿತ ಸಡಿಲಿಸಿಬಿಟ್ಟರು. ಮರುಗಳಿಗೆ ತಾವೇ ಚಿತ್. ನಾನು ಬರೆದೆ: "ಉಸ್ತಾದರು ಹೆದರಿದರು. ಹೆದರಿದವರಿಗೆ ಗರಡಿಯಲ್ಲಿ ಏನು ಕೆಲಸ?" ಆ ವಾರವೇ ಬೈರಾಪಟ್ಟಣದ ಗೌಡರು ತಮ್ಮ ಮಕ್ಕಳನ್ನು ಗರಡಿ ಬಿಡಿಸಿದರು. ಅವರನ್ನು ನೋಡಿ ಉಳಿದವರೂ ಬಿಡಿಸಿದರು.

ಭಾನುವಾರ ಬೆಳಿಗ್ಗೆ ಉಸ್ತಾದರು ಪತ್ರಿಕೆ ಹಿಡಿದು ನನ್ನ ಮನೆಗೇ ಬಂದರು.

"ಒಸಿ ಓದಿ ಹೇಳಿ ಮೇಷ್ಟ್ರೇ."

ಓದಿದೆ. ಆ ಸಾಲು ಬಂದಾಗ ಅದನ್ನು ಹಾರಿಸಿ ಮುಂದಕ್ಕೆ ಹೋದೆ.

"ಒಂದ್ ಸಾಲು ಬುಟ್ಬುಟ್ರಿ" ಎಂದರು. "ಪೋಸ್ಟ್ ಮಾಸ್ಟರು ನೆನ್ನೇನೇ ಓದಿ ಹೇಳವ್ರೆ. ನಿಮ್ ಲಕೋಟೆ ಅವ್ರ ಕೈ ಮೇಲೇ ಹೋಗೋದಲ್ವಾ? ಬರ್ದೋರ ಬಾಯಲ್ಲೇ ಕೇಳಾನ ಅಂತ ಬಂದೆ."

ಓದಿದೆ. ಈ ಸಲ ಆ ಸಾಲನ್ನೂ ಬಿಡಲಿಲ್ಲ.

"ಹೆದರಿದ್ದು ದಿಟ. ಅವನ ಭುಜದ ಕೀಲು ನನ್ ಕೈಯಾಗೆ ಲಟಕ್ ಅಂತು. ನಾಳೆ ನೇಗಿಲು ಹಿಡೀಬೇಕಾದ ಕೈ ಅದು. ಯಾಕೆ ಹೆದರ್ದೆ ಅಂತ ಕೇಳಿದ್ರೆ ಹೇಳ್ತಿರ್ಲಿಲ್ವಾ? ನಮ್ಮನೆ ಏನ್ ದೂರ ಐತಾ ಮೇಷ್ಟ್ರೇ?"

ಮುಂದಿನ ವಾರ ನನ್ನ ಹೆಸರು ಹಾಕಿಯೇ ತಪ್ಪೊಪ್ಪಿಗೆ ಬರೆದೆ. ಕಳಿಸುವ ಮುಂಚೆ ಅವರ ಜಗಲಿಗೆ ಹೋಗಿ ಓದಿದೆ. 'ಧರ್ಮಾತ್ಮ' ಎಂದಿದ್ದ ಕಡೆ ಕೈ ಅಡ್ಡ ಹಿಡಿದರು. "ಅದ್ನ ತೆಗೀರಿ. ಸೋತಿದ್ದು ಸೋತಿದ್ದೇಯ." ತೆಗೆದೆ. ಬಿಟ್ಟುಹೋದ ಹುಡುಗರಲ್ಲಿ ಮರಳಿ ಬಂದವರು ಇಬ್ಬರೇ. ಗರಡಿ ಮತ್ತೆ ಮೊದಲಿನಂತಾಗಲಿಲ್ಲ. ಅದು ನಾನು ಮಾಡಿದ್ದು.

ಆಮೇಲೆ ಯಾರ ಬಗ್ಗೆ ಬರೆದರೂ ಅವರೆದುರು ಕೂತು ಓದಿಯೇ ಅಂಚೆಗೆ ಹಾಕಿದ್ದೇನೆ. ಮಾಗಡಿಯ ಪೈಲ್ವಾನನೊಬ್ಬ ಕತ್ತಿನಪಟ್ಟಿ ಹಿಡಿದದ್ದೂ ಉಂಟು. ಹಾಗಂತ ಬರೆದದ್ದನ್ನು ಬದಲಾಯಿಸಲಿಲ್ಲ.

ಪ್ಲೇಗು ಬಂದ ವರ್ಷ ಉಸ್ತಾದರು ತೀರಿಕೊಂಡರು. ಪತ್ರಿಕೆಯವರು ಅವರ ಮೇಲೆ ಲೇಖನ ಕೇಳಿದರು. ಎರಡು ಪುಟ ತುಂಬ ಹೊಗಳಿ ಬರೆದೆ. ಬರೆದದ್ದನ್ನು ಮಡಿಸಿ, ಅಭ್ಯಾಸಬಲದಿಂದ ಅವರ ಜಗಲಿಯವರೆಗೂ ಹೋದೆ. ಯಾರಿಗೆ ಓದಲಿ? ಯಾವ ಮಾತು ಹೆಚ್ಚಾಯಿತು, ಯಾವುದು ಸುಳ್ಳು ಎಂದು ಇನ್ನು ಯಾರು ಹೇಳಬೇಕು? ಹಾಳೆಯನ್ನು ಮಡಿಸಿದಂತೆಯೇ ಮನೆಗೆ ತಂದೆ. ಆ ಲೇಖನವನ್ನು ಕಳಿಸಲಿಲ್ಲ.