ಹಡಗಿನ ಹೊಗೆ, ಬೆನ್ನ ಹಿಂದಿನ ಕೈ

ಬೆಳಗಿನ ಆರೂವರೆಗೆ ಆಲ್ದೂರು ಬಸ್ ನಿಲ್ದಾಣದ ಎದುರು ನಿಲ್ಲುವ ಜೀಪಿಗೆ ಹದಿನಾಲ್ಕು ಹೆಂಗಸರು ಹತ್ತುತ್ತಾರೆ. ಒಬ್ಬರ ಮಡಿಲಲ್ಲಿ ಇನ್ನೊಬ್ಬರ ಬುತ್ತಿ, ಇನ್ನೊಬ್ಬರ ಕಾಲ ಮೇಲೆ ಮತ್ತೊಬ್ಬರ ಕತ್ತಿ. ಏಳಕ್ಕೆಲ್ಲ ತೋಟದ ಬಾಯಲ್ಲಿ ಇಳಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಸಾಲಿಗೊಬ್ಬರಂತೆ ರೊಬಸ್ಟಾ ಗಿಡಗಳ ನಡುವೆ ನುಗ್ಗುತ್ತಾರೆ. ಮೇಲೆ ಎಲೆ ಅಲುಗಿದರೆ ಇಬ್ಬನಿ. ಕೆಳಗೆ ಮೊಣಕಾಲುದ್ದ ತರಗು. ಬಿಸಿಲು ಏರಿತೆಂದರೆ ಆ ತರಗು ಹಪ್ಪಳದ ಹಾಗೆ ಒಣಗಿ, ಒಂದು ಕಿಡಿಗೆ ಕಾದು ಕೂರುತ್ತದೆ.

ಮೇಸ್ತ್ರಿ ದಯಾನಂದ ಅವರು ಬೀಡಿಯ ಕೊನೆಯ ದಮ್ಮು ಎಳೆದು ತುಂಡನ್ನು ಬೆರಳ ತುದಿಯಿಂದ ಚಿಮ್ಮಿಸುತ್ತಾರೆ. ಮೂರನೇ ಸಾಲಿನಿಂದ ಒಬ್ಬ ಹುಡುಗಿ ಹಣ್ಣು ಕೀಳುವುದನ್ನು ಬಿಟ್ಟು ಬರುತ್ತಾರೆ. ತುಂಡನ್ನು ಚಪ್ಪಲಿಯಲ್ಲಿ ಒತ್ತಿ, ಬಗ್ಗಿ ಎತ್ತಿ, ಬೆರಳಲ್ಲಿ ಹಿಸುಕಿ ಆರಿದ್ದನ್ನು ಖಾತ್ರಿ ಮಾಡಿಕೊಂಡು, ಸೊಂಟದಲ್ಲಿ ಸಿಕ್ಕಿಸಿಕೊಂಡ ಪೆಪ್ಪರ್‌ಮಿಂಟಿನ ತಗಡು ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾರೆ.

"ಬಂತಪ್ಪಾ ಹಡಗಿನ ಪೊಲೀಸು!" ಪಕ್ಕದ ಸಾಲಿನಿಂದ ತಂಗಮ್ಮ ಕೂಗುತ್ತಾರೆ. "ಮೇಸ್ತ್ರಿಗಳೇ, ಫೈನು ಕಟ್ಟಿ. ಇಲ್ದಿದ್ರೆ ಮುಂದಿನ ಬಂದರಲ್ಲಿ ಇಳಿಸ್ತಾಳೆ ಇವ್ಳು."

"ಮುಂದಿನ ಬಂದರು ಯಾವ್ದು ಮಾರಾಯ್ತಿ, ಬಾಳೆಹೊನ್ನೂರಾ?" ಎನ್ನುತ್ತಾರೆ ಮೇಸ್ತ್ರಿ.

ಎಲ್ಲರೂ ನಗುತ್ತಾರೆ. ಹುಡುಗಿಯೂ ನಗುತ್ತಾರೆ. ಸಾಲಿನ ತುತ್ತತುದಿಯಲ್ಲಿ, ಎಲ್ಲರಿಗೂ ಬೆನ್ನು ಹಾಕಿ ಹಣ್ಣು ಕೀಳುತ್ತಿರುವ ಒಬ್ಬರು ಮಾತ್ರ ನಗುವುದಿಲ್ಲ. ಅವರು ಪಾಪಮ್ಮ. ಹುಡುಗಿಯ ತಾಯಿ.

ಹುಡುಗಿಯ ಹೆಸರು ಕುಸುಮಾ. ವಯಸ್ಸು ಇಪ್ಪತ್ತೊಂಬತ್ತು. ಎರಡು ತಿಂಗಳ ರಜೆ ಮುಗಿಸಿ ಮುಂದಿನ ವಾರ ಮಂಗಳೂರಿನಿಂದ ದುಬೈಗೆ ಹಾರಿ, ಅಲ್ಲಿಂದ ಹದಿನಾಲ್ಕು ಅಂತಸ್ತಿನ ಪ್ರವಾಸಿ ಹಡಗು ಹತ್ತಲಿದ್ದಾರೆ. ಆರು ವರ್ಷ ಆ ಹಡಗಿನ ಕ್ಯಾಬಿನ್‌ಗಳಲ್ಲಿ ಹಾಸಿಗೆ ಹಾಸಿದವರು. ಈ ಸಲ ಅವರ ಕೆಲಸ ಹಾಸಿಗೆಯದಲ್ಲ, ಬೂದಿಯದು. ಹನ್ನೆರಡನೇ ಡೆಕ್ಕಿನ ಬಲಬದಿಯಲ್ಲಿ ಸಿಗರೇಟು ಸೇದುವವರಿಗೆಂದು ಬಿಟ್ಟಿರುವ ಜಾಗದಲ್ಲಿ ನಲವತ್ತನಾಲ್ಕು ಬೂದಿ ತಟ್ಟೆಗಳಿವೆ. ಅವನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಬರಿದು ಮಾಡಬೇಕು. ರಜೆಗೆ ಬರುವ ಮುಂಚಿನ ಮೂರು ವಾರ ಆಗಲೇ ಅದನ್ನು ಮಾಡಿ ಬಂದಿದ್ದಾರೆ. ದಿನಕ್ಕೆ ಎರಡು ಬಕೆಟ್ ತುಂಡುಗಳು. ಕಬ್ಬಿಣದ ಬಕೆಟ್ಟೇ ಆಗಬೇಕು, ನೀರು ಇರಲೇಬೇಕು.

"ಸಮುದ್ರದ ಮಧ್ಯೆ ಬೆಂಕಿ ಬಿದ್ರೆ ಎಲ್ಲಿಗೆ ಓಡದು?" ಎಂದು ಕೇಳುತ್ತಾರೆ ಕುಸುಮಾ. "ಇಲ್ಲಾದ್ರೆ ತೋಟ ಬಿಟ್ಟು ರಸ್ತೆಗೆ ಓಡ್ಬಹುದು. ಅಲ್ಲಿ ರಸ್ತೆ ಎಲ್ಲಿದೆ?"

ಹಡಗಿನಲ್ಲಿ ಹೊಗೆಗೆ ಕಟ್ಟುನಿಟ್ಟಾದ ಮಡಿ. ಕ್ಯಾಬಿನ್ನಿನೊಳಗೆ ಸೇದುವಂತಿಲ್ಲ. ಕ್ಯಾಬಿನ್ನಿಗೆ ಅಂಟಿಕೊಂಡ ಬಾಲ್ಕನಿಯಲ್ಲೂ ಇಲ್ಲ, ಅದು ಎಷ್ಟೇ ಬಯಲಾಗಿರಲಿ. ಊಟದ ಮನೆ, ನಾಟಕದ ಹಾಲು, ಮಕ್ಕಳ ಈಜುಕೊಳದ ಸುತ್ತ ಇಲ್ಲವೇ ಇಲ್ಲ. ವೇಪ್ ಎನ್ನುವ ಬ್ಯಾಟರಿ ಸಿಗರೇಟಿಗೂ ಇದೇ ಕಾನೂನು. ಉರಿಯುವ ಸಿಗರೇಟು ಹಿಡಿದು ಮೊಗಸಾಲೆಯಲ್ಲಿ ನಡೆಯಬಾರದು. ಎಲ್ಲಕ್ಕಿಂತ ದೊಡ್ಡ ಪಾಪ, ತುಂಡನ್ನು ಸಮುದ್ರಕ್ಕೆ ಎಸೆಯುವುದು. ಎಸೆದದ್ದು ಸಮುದ್ರಕ್ಕೆ ಬೀಳುವುದಿಲ್ಲ. ಗಾಳಿ ಅದನ್ನು ತಿರುಗಿಸಿ ಕೆಳಗಿನ ಯಾರದೋ ಬಾಲ್ಕನಿಗೆ ತಂದು ಹಾಕುತ್ತದೆ. ಹಾಗೆ ಬಂದ ತುಂಡೊಂದು ಒಣಗಲು ಹಾಕಿದ್ದ ಟವೆಲಿನಲ್ಲಿ ರೊಟ್ಟಿಯಗಲ ತೂತು ಮಾಡಿದ್ದನ್ನು ಅವರು ಕಂಡಿದ್ದಾರೆ.

ಕಾನೂನಿನಲ್ಲಿ ಇಲ್ಲದ ಮರ್ಯಾದೆಗಳು ಬೇರೆ. ಕೆಲವರು ಎದ್ದು ಹೋಗುವಾಗ ತಟ್ಟೆಯನ್ನು ಕುಸುಮಾ ಅವರ ಕಡೆ ಸರಿಸಿ ಹೋಗುತ್ತಾರೆ. ಕೆಲವರು ತಟ್ಟೆ ಮುಂದೆಯೇ ಇದ್ದರೂ ತುಂಡನ್ನು ಅವರ ಕೈಗೆ ಕೊಡುತ್ತಾರೆ. ಅರ್ಧ ಕುಡಿದ ಕಾಫಿ ಕಪ್ಪಿಗೆ ಸಿಗರೇಟು ಒತ್ತುವವರನ್ನು ಕಂಡರಂತೂ ಕುಸುಮಾ ಅವರ ಮೈ ಉರಿಯುತ್ತದೆ. "ಒಂದು ಕಪ್ಪು ಕಾಫಿಗೆ ಎಷ್ಟು ಹಣ್ಣು ಕೀಳ್ಬೇಕು ಅಂತ ಇವ್ರಿಗೆ ಗೊತ್ತಿದ್ಯ ಅಂತ ಕೇಳ್ಬೇಕು ಅನ್ಸುತ್ತೆ. ಬಾಯಲ್ಲಿ ಮಾತ್ರ ಥ್ಯಾಂಕ್ಯೂ ಸರ್."

ಅವರು ಹುಟ್ಟಿದ್ದು ಮಲ್ಲಂದೂರಿನ ಕಡೆಯ ಒಂದು ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯಾಳುಗಳ ಸಾಲುಮನೆಯಲ್ಲಿ. ಒಂದೇ ಮಾಡಿನ ಕೆಳಗೆ ಎಂಟು ಮನೆ. ಐದನೆಯದು ಇವರದು. ತಂದೆ ಶೇಷಪ್ಪ ಮರ ಹತ್ತಿ ಕೊಂಬೆ ಕಡಿದು ಕಾಫಿಗೆ ಬೆಳಕು ಬಿಡುವ ಮರಗಸಿಯ ಆಳು. ಬೀಡಿ ಇಲ್ಲದೆ ಮರ ಹತ್ತಿದವರಲ್ಲ. ನಾಲ್ಕು ವರ್ಷದ ಹಿಂದೆ ಆ ಬೀಡಿಯೇ ಅವರ ಎದೆ ತಿಂದು ಮುಗಿಸಿತು. ಕುಸುಮಾ ಆಗ ಗ್ರೀಸಿನ ಯಾವುದೋ ದ್ವೀಪದ ಹತ್ತಿರ ಹಾಸಿಗೆ ಹಾಸುತ್ತಿದ್ದರು. ಬರಲಾಗಲಿಲ್ಲ.

ಲೈನಿನಲ್ಲೂ ಹೊಗೆಗೆ ಕಾನೂನಿತ್ತು. ಯಾರೂ ಬರೆದು ಹಾಕಿದ್ದಲ್ಲ. ಸಾಹುಕಾರರ ಜೀಪಿನ ಸದ್ದು ಕೇಳಿದರೆ ಗಂಡಾಳುಗಳ ಬೀಡಿ ಮಾಯವಾಗಬೇಕು. ಎಸೆಯುವಷ್ಟು ಹೊತ್ತು ಸಿಕ್ಕರೆ ಎಸೆಯುವುದು, ಇಲ್ಲದಿದ್ದರೆ ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡು ಹೋಗುವುದು. ಕುಸುಮಾ ಎಂಟು ವರ್ಷದವರಿದ್ದಾಗ ಒಂದು ದಿನ ಜೀಪು ಸದ್ದು ಮಾಡದೆ ಇಳಿಜಾರಿನಲ್ಲಿ ಬಂದುಬಿಟ್ಟಿತು. ಶೇಷಪ್ಪ ಉರಿಯುವ ಬೀಡಿಯನ್ನು ಮುಷ್ಟಿಯಲ್ಲಿ ಮುಚ್ಚಿ ಕೈ ಹಿಂದೆ ಇಟ್ಟರು. ಸಾಹುಕಾರರು ಜೀಪಿನಿಂದ ಇಳಿಯದೆ ಸಿಲ್ವರ್ ಮರಗಳ ವಿಚಾರ ಮಾತಾಡಿದರು, ನಗುನಗುತ್ತಲೇ, ಬಹಳ ಹೊತ್ತು. ಮಗಳು ಅಪ್ಪನ ಹಿಂದೆ ನಿಂತಿದ್ದಳು.

"ಮುಷ್ಟಿ ಸಂದಿಯಿಂದ ಹೊಗೆ ಬರ್ತಿತ್ತು. ಅಪ್ಪ ಮಾತ್ರ ಹೂಂ ಸಾವ್ಕಾರ್ರೆ, ಆಯ್ತು ಸಾವ್ಕಾರ್ರೆ ಅಂತಿದ್ರು. ಜೀಪು ಹೋದ್ಮೇಲೆ ಕೈ ಬಿಚ್ಚಿದ್ರು. ಅಂಗೈ ಮಧ್ಯೆ ರೌಂಡಾಗಿ ಸುಟ್ಟಿತ್ತು. ಆ ಕಲೆ ಕೊನೇವರೆಗೂ ಹೋಗ್ಲಿಲ್ಲ."

ಮಂಗಳೂರಿನಲ್ಲಿ ಎಂಟು ತಿಂಗಳ ಹೌಸ್‌ಕೀಪಿಂಗ್ ಕೋರ್ಸು, ಚಿಕ್ಕಮಗಳೂರಿನ ರೆಸಾರ್ಟಿನಲ್ಲಿ ಎರಡು ವರ್ಷ, ಆಮೇಲೆ ಬೆಂಕಿ ಆರಿಸುವ ತರಬೇತಿ, ಆಮೇಲೆ ಹಡಗು. ಸಲಕ್ಕೆ ಏಳು ತಿಂಗಳು, ವಾರದ ರಜೆ ಎನ್ನುವುದೇ ಇಲ್ಲ. ಹದಿನಾರು ಕ್ಯಾಬಿನ್‌ಗಳನ್ನು ದಿನಕ್ಕೆರಡು ಸಲ ಸಜ್ಜು ಮಾಡಬೇಕು. ಮಲಗುವುದು ನೀರಿನ ಮಟ್ಟಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಇಬ್ಬರಿಗೆ ಒಂದರ ಮೇಲೊಂದು ಎರಡು ಮಂಚ.

ಕಳೆದ ನವೆಂಬರಿನಲ್ಲಿ, ದುಬೈಯಿಂದ ಹೊರಟ ದಿನ, ಅವರ ಪಾಲಿನ ಒಂಬತ್ತನೇ ಕ್ಯಾಬಿನ್ನಿಗೆ ಬಂದ ಅತಿಥಿಯನ್ನು ಕಂಡ ಕೂಡಲೇ ಕುಸುಮಾ ಅವರಿಗೆ ಗುರುತು ಹತ್ತಿತು. ಬಂದವರು ಕುಸುಮಾ ಹುಟ್ಟಿದ ಎಸ್ಟೇಟಿನ ಮಾಲೀಕರು, ರೇಣುಕಪ್ರಸಾದ್. ಅಂದು ಜೀಪಿನಿಂದ ಇಳಿಯದೆ ಮಾತಾಡಿದವರು. ಪ್ಲಾಂಟರ್ ಗೆಳೆಯರ ಏಳು ಜೋಡಿಗಳೊಂದಿಗೆ ಪ್ರವಾಸ ಬಂದಿದ್ದರು.

"ನೀನು ನಮ್ಮ ಶೇಷಪ್ಪನ ಮಗಳಲ್ವೇನೆ? ಎಲಾ ಇವ್ಳ!" ಎಂದು ಅವರು ನಿಜವಾಗಿಯೂ ಸಂತೋಷಪಟ್ಟರು. ಹೆಂಡತಿಯನ್ನು ಕರೆದು ತೋರಿಸಿದರು. ಪಾಪಮ್ಮನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು. ಕುಸುಮಾ ಅವರ ನಾಲಿಗೆ 'ಸರ್' ಮತ್ತು 'ಸಾವ್ಕಾರ್ರೆ' ನಡುವೆ ಸಿಕ್ಕಿಕೊಂಡು ಒದ್ದಾಡಿತು. ಎರಡು ಟವೆಲು ಹೆಚ್ಚಿಗೆ ಇಟ್ಟು ಬಂದರು.

ಸಂಜೆ ಹಾಸಿಗೆ ಸರಿಮಾಡಲು ಹೋದಾಗ ಕ್ಯಾಬಿನ್ನಿನಲ್ಲಿ ಮಾವಿನಹಣ್ಣಿನ ವಾಸನೆ. ಹಣ್ಣು ಎಲ್ಲೂ ಇರಲಿಲ್ಲ. ವೇಪಿನ ಆವಿಗೆ ಹೀಗೆ ಹಣ್ಣಿನ, ಪುದೀನದ ವಾಸನೆಗಳಿರುತ್ತವೆ. ಮೊದಲ ಸಲ ನಗುತ್ತಾ ಹೇಳಬೇಕು, ಎರಡನೇ ಸಲ ವರದಿ ಮಾಡಬೇಕು ಎಂಬುದು ಕಂಪನಿಯ ಪಾಠ. ಅವರು ನಗುತ್ತಾ ಹೇಳಿದರು, ಹನ್ನೆರಡನೇ ಡೆಕ್ಕಿನ ಬಲಬದಿಗೆ ಹೋಗಬಹುದು ಸರ್ ಎಂದು.

"ಇದು ಸಿಗರೇಟಲ್ಲ ಮಾರಾಯ್ತಿ, ಬರೀ ಆವಿ. ಇಡ್ಲಿ ಬೇಯ್ಸಿದ್ರೂ ಬರುತ್ತೆ," ಎಂದು ಅವರೂ ನಕ್ಕರು.

ಮಾರನೆಯ ಬೆಳಿಗ್ಗೆ ಮೂರು ಸಲ ಬಾಗಿಲು ತಟ್ಟಿದರು. ಉತ್ತರವಿಲ್ಲ. ಗಂಡ ಹೆಂಡತಿ ತಿಂಡಿಗೆ ಹೋಗಿರಬೇಕೆಂದು ಒಳಗೆ ಹೋದರೆ ಚಾವಣಿಯ ಸ್ಮೋಕ್ ಡಿಟೆಕ್ಟರಿಗೆ, ಸ್ನಾನಕ್ಕೆ ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿ ತೊಡಿಸಿ ದಾರ ಬಿಗಿದಿತ್ತು. ಹೊಗೆ ಹಿಡಿಯುವ ಯಂತ್ರದ ಮೂಗು ಮುಚ್ಚಿದ್ದರು. ಬಚ್ಚಲಿನಿಂದ ಸಾಹುಕಾರರು ಹೊರಗೆ ಬಂದರು. "ಅದನ್ನ ನೀನು ನೋಡ್ಲಿಲ್ಲ, ಆಯ್ತಾ?" ಎಂದರು. ಜೋರು ಮಾಡಲಿಲ್ಲ. ತೋಟದಲ್ಲಿ ಹೇಳುವ ಹಾಗೆಯೇ ಹೇಳಿದರು.

ಕುಸುಮಾ ಹೊರಗೆ ಬಂದು, ಹಾಸಿಗೆಯ ಬಟ್ಟೆ ಇಡುವ ಲಿನನ್ ಕೋಣೆಯ ಬಾಗಿಲು ಹಾಕಿಕೊಂಡರು. ಫೋನು ಎತ್ತಿ ವರದಿ ಮಾಡಿದರು.

ಭದ್ರತೆಯವರು ಫೋಟೋ ತೆಗೆದರು, ದಂಡ ಹಾಕಿದರು, ವೇಪನ್ನು ಇಳಿಯುವ ದಿನದವರೆಗೆ ತೆಗೆದಿಟ್ಟುಕೊಂಡರು. ದಂಡ ಸಾಹುಕಾರರಿಗೆ ಲೆಕ್ಕವೇ ಅಲ್ಲ. ಆದರೆ ಕಾಗದಕ್ಕೆ ಸಹಿ ಕೇಳಲು ಭದ್ರತೆಯವರು ಹೋದದ್ದು ತಿಂಡಿಯ ಮೇಜಿಗೆ. ಅಲ್ಲಿ ಏಳು ಜೋಡಿಗಳೂ ಕೂತಿದ್ದವು. ಅದೇ ಸಂಜೆ ಹುಡುಗಿ ಉದ್ಧಟತನ ತೋರಿದಳೆಂದು ದೂರು ಹೋಯಿತು. ಅತಿಥಿಯ ದೂರು ಬಂದವರನ್ನು ಕ್ಯಾಬಿನ್ನಿನ ಹತ್ತಿರ ಬಿಡುವುದಿಲ್ಲ ಎಂಬುದೂ ಕಂಪನಿಯ ಇನ್ನೊಂದು ಕಾನೂನು. ಹೊಗೆಯ ಕಾನೂನು ಪಾಲಿಸಿದವರನ್ನು ಕಂಪನಿ ಹೊಗೆಯ ಡೆಕ್ಕಿಗೇ ಹಾಕಿತು.

"ನೀನು ಮಾಡಿದ್ದು ಸರಿ ಅಂದ್ರು ಸೂಪರ್‌ವೈಸರು. ಅಂದ್ಬಿಟ್ಟು ಬಕೆಟ್ ಕೊಟ್ರು."

ಡಿಸೆಂಬರಿನಲ್ಲಿ ಊರಿಗೆ ಬಂದಾಗ ಲೈನಿನ ಐದನೇ ಮನೆಗೆ ಹೆಂಚಿರಲಿಲ್ಲ. ರಿಪೇರಿಯಂತೆ. ಎಂಟು ಮನೆಗಳ ಒಂದೇ ಮಾಡಿನಲ್ಲಿ ನಡುವಿನ ಒಂದಕ್ಕೆ ಮಾತ್ರ ರಿಪೇರಿ. ಬಾಕಿ ಏಳು ಮನೆಗಳ ಒಲೆ ಉರಿಯುತ್ತಿತ್ತು. ಮೂವತ್ತನಾಲ್ಕು ವರ್ಷ ಅಲ್ಲಿ ಬಾಳಿದ ಪಾಪಮ್ಮ ಪಾತ್ರೆ, ಎರಡು ಕೋಳಿ, ಗಂಡನ ಮರಗಸಿಯ ಕತ್ತಿ ಹಿಡಿದುಕೊಂಡು ಆಲ್ದೂರಿನಲ್ಲಿ ಅಂಗಡಿಯೊಂದರ ಹಿಂದಿನ ಬಾಡಿಗೆ ಕೋಣೆ ಸೇರಿದ್ದರು. ಕೋಳಿ ಸಾಕಲು ಜಾಗವಿಲ್ಲವೆಂದು ಅಂಗಡಿಯವರು ಹೇಳಿದ್ದರಿಂದ ಅವೂ ಹೋದವು. ಈಗ ತಾಯಿ ಮಗಳಿಬ್ಬರೂ ಬೆಳಗಿನ ಜೀಪು ಹತ್ತಿ ಬೇರೆಯವರ ತೋಟಕ್ಕೆ ಕೂಲಿಗೆ ಬರುತ್ತಾರೆ.

ಹದಿನೈದು ದಿನದ ಹಿಂದೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಓಂಕಾರಪ್ಪ ಅಲ್ಲಿಗೆ ಬಂದಿದ್ದರು. ಕೈಯಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಕಾಗದ. ಆ ದಿನ ತಾನು ಕಂಡದ್ದು ತಪ್ಪು ತಿಳಿವಳಿಕೆ, ಟೋಪಿ ಮೊದಲೇ ಅಲ್ಲಿದ್ದಿರಬಹುದು ಎಂದು ಕುಸುಮಾ ಕಂಪನಿಗೆ ಬರೆದಂತೆ ಇತ್ತು.

"ಒಂದು ಸೈನು ಹಾಕಮ್ಮ. ಸಾವ್ಕಾರ್ರು ದೊಡ್ಡ ಮನಸ್ಸು ಮಾಡಿದಾರೆ. ಸೋಮವಾರನೇ ಹೆಂಚು ಹಾಕಿಸ್ತಾರೆ, ನಿಮ್ಮಮ್ಮ ಮನೆಗೆ ಬರ್ಲಿ."

"ರೈಟ್ರೆ, ನೀವು ಓದಿದೀರಲ್ಲ ಇದನ್ನ?"

"ಓದಿದೀನಿ."

"ನಿಮ್ಮ ಮಗಳಿಗಾದ್ರೆ ಹಾಕು ಅಂತಿದ್ರಾ?"

ಓಂಕಾರಪ್ಪ ಹೊರಡಲು ಎದ್ದರು. ಕಾಗದವನ್ನು ಮೇಜಿನ ಮೇಲಿಟ್ಟು, ಯೋಚನೆ ಮಾಡು ಎಂದು ಹೋದರು. ಕಾಗದ ಇನ್ನೂ ಅಲ್ಲೇ ಇದೆ, ಉಪ್ಪಿನ ಡಬ್ಬಿಯ ಕೆಳಗೆ. ಸಹಿ ಬಿದ್ದಿಲ್ಲ.

"ಬೆಂಕಿ ಬಿದ್ರೆ ಮೇಲಿರೋರು ದೋಣಿ ಹತ್ತುತ್ತಾರೆ. ಕೆಳಗೆ ಮಲ್ಗಿರೋದು ನಾವು," ಎನ್ನುತ್ತಾರೆ ಕುಸುಮಾ. "ಕಂಡಿದ್ದನ್ನ ಕಂಡಿಲ್ಲ ಅಂತ ಒಂದ್ಸಲ ಬರ್ಕೊಟ್ರೆ, ನಾಳೆ ನಿಜವಾಗ್ಲೂ ಹೊಗೆ ಎದ್ದಾಗ ನನ್ನ ಫೋನು ಯಾರು ನಂಬ್ತಾರೆ?"

ಪಾಪಮ್ಮ ಆ ಕಾಗದವನ್ನು ಹರಿದೂ ಹಾಕುವುದಿಲ್ಲ, ಎತ್ತಿಯೂ ಇಡುವುದಿಲ್ಲ. ಉಪ್ಪು ಬೇಕಾದಾಗ ಡಬ್ಬಿ ಎತ್ತಿ, ಮತ್ತೆ ಅದರ ಮೇಲೇ ಇಡುತ್ತಾರೆ. ಮಗಳ ಜತೆ ಅಡುಗೆಗೆ ಬೇಕಾದಷ್ಟೇ ಮಾತು. ಅವರನ್ನು ಮಾತಿಗೆಳೆಯಲು ಮಧ್ಯಾಹ್ನದ ಬುತ್ತಿಯವರೆಗೆ ಕಾಯಬೇಕಾಯಿತು. "ಅವ್ಳು ಮಾಡಿದ್ದು ತಪ್ಪು ಅಂತ ನಾನೆಂತಕ್ಕೆ ಹೇಳ್ಲಿ? ಆದ್ರೆ ಸರಿ ಅಂತ ಹೇಳಕ್ಕೆ ನಂಗೆ ಮನೆ ಎಲ್ಲಿದೆ? ಏಳು ತಿಂಗಳು ಅವ್ಳು ಸಮುದ್ರದಲ್ಲಿರ್ತಾಳೆ. ನಾನು ಆ ಅಂಗಡಿ ಹಿಂದೆ ಗೋಡೆ ನೋಡ್ಕಂಡು ಕೂರ್ಬೇಕು."

ಕುಸುಮಾ ಅದನ್ನು ಕೇಳಿಸಿಕೊಳ್ಳುತ್ತಾರೆ. ತಾಯಿಯ ಚೀಲ ತುಂಬಿದ್ದನ್ನು ನೋಡಿ ತಾವೇ ಹೊತ್ತುಕೊಂಡು ತೂಕದ ಜಾಗಕ್ಕೆ ಹೋಗುತ್ತಾರೆ. ಪಾಪಮ್ಮ ಬುತ್ತಿಯ ಮುಚ್ಚಳ ಹಾಕಿ ಮುಂದಿನ ಗಿಡಕ್ಕೆ ಹೋಗುತ್ತಾರೆ.

ಹೋಗುವ ಮುಂಚೆ ಏನಾದರೂ ಆಸೆಯಿದೆಯೇ ಎಂದರೆ ಕುಸುಮಾ ಮೊದಲು ಹೇಳುವುದು ಅಮ್ಮನಿಗೆ ಕೋಳಿ ಸಾಕುವಷ್ಟು ಅಂಗಳವಿರುವ ಒಂದು ಮನೆ. ಆಮೇಲೆ ಸೊಂಟದ ಡಬ್ಬಿಯನ್ನು ತೆಗೆದು, ಬೆಳಗ್ಗಿನಿಂದ ಸೇರಿದ ಬೀಡಿ ತುಂಡುಗಳನ್ನು ನಲ್ಲಿಯ ಕೆಳಗೆ ನೆನೆಸುತ್ತಾ, ವರದಿಯಲ್ಲಿ ಬರೆಯದೆ ಬಿಟ್ಟ ಒಂದು ಸಂಗತಿ ಹೇಳುತ್ತಾರೆ. ಬರೆಯಲು ಆ ಫಾರಮ್ಮಿನಲ್ಲಿ ಜಾಗವಿರಲಿಲ್ಲ.

"ಬಚ್ಚಲಿಂದ ಹೊರಗೆ ಬಂದ್ರಲ್ಲ ಸಾವ್ಕಾರ್ರು, ನನ್ನ ನೋಡಿದ ತಕ್ಷಣ ಬಲಗೈ ಬೆನ್ನ ಹಿಂದೆ ತಗಂಡ್ರು. ಅವ್ರ ಹಿಂದೆ ಕನ್ನಡಿ ಇತ್ತು. ಮುಷ್ಟಿ ಒಳಗೆ ಬಟನ್ ಒತ್ತಿ ವೇಪಿನ ನೀಲಿ ಲೈಟು ಉರಿತಾ ಇತ್ತು, ಬೆರಳ ಸಂದಿಯಿಂದ ಹೊಗೆ ಬರ್ತಿತ್ತು."

ಡಬ್ಬಿಯ ನೀರು ಬಸಿದು ಮುಚ್ಚಳ ಹಾಕುತ್ತಾರೆ.

"ಅದನ್ನ ನಮ್ಮಪ್ಪ ನೋಡ್ಬೇಕಿತ್ತು. ಅಷ್ಟೆ."