ಮೂಲಂಗಿ, ಪಡವಲಕಾಯಿ, ಕುಂಬಳಕಾಯಿ

ಚಿಕಾಗೋದಲ್ಲಿ ನಮ್ಮ ತಂಡದ ಗುಟ್ಟನ್ನು ಎದುರಾಳಿಗಳಿಗೆ ಬಿಟ್ಟುಕೊಟ್ಟವನು ಇಮ್ತಿಯಾಜ್ ಅಲ್ಲ—ನಾನು. ಇಷ್ಟು ವರ್ಷ ನೀವೆಲ್ಲ ಅವನೇ ಎಂದು ನಂಬಿದಿರಿ. ಹಾಗೆ ನಂಬಿಸಿದವನೂ ನಾನೇ.

ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆಗೆ ನನ್ನ ಸಾಧನೆಯ ಕಥೆ ಬರೆದುಕೊಡಬೇಕೆಂದು ಸಂಪಾದಕರು ಕೇಳಿದ್ದರು. ಸಾಧನೆ ಇಲ್ಲವೆಂದಲ್ಲ. ಸುಳ್ಳು ವಿನಯ ನನಗೆ ಒಗ್ಗುವುದಿಲ್ಲ. ನಮ್ಮೂರು ವಾರೆನ್‌ನ ಬೇಸಿಗೆ ಲೀಗಿನ ಬೇಸ್‌ಬಾಲ್ ತಂಡಕ್ಕೆ ಚೆಂಡೆಸೆಯುವ ಪಿಚರ್ ಆಗಿ ಸೇರಿದವನು ಬೇರೆ ತಂಡದ ಅಂಗಿ ತೊಡಲೇ ಇಲ್ಲ. ನಾನು ಚೆಂಡು ಹಿಡಿದರೆ ಜನ ಎದ್ದು ನಿಲ್ಲುತ್ತಾರೆ. ನನ್ನ ನಂಬರನ್ನು ಮೈದಾನದ ಗೋಡೆಗೆ ಬರೆಸಿದ್ದಾರೆ. ನೋವೈ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಅಂಕಲ್‌ಗಳು ಕಾರಿನ ಗಾಜು ಇಳಿಸಿ, "ಏನಪ್ಪಾ ಸ್ಟಾರು, ಈ ವಾರ ಮ್ಯಾಚ್ ಎಲ್ಲಿ?" ಎಂದು ಕೇಳುತ್ತಾರೆ. ಇದೆಲ್ಲ ನಾನು ಬೆವರು ಸುರಿಸಿ ಗಳಿಸಿದ್ದು. ಆದರೆ ಇದರಲ್ಲಿ ಒಬ್ಬನ ಪಾಲಿತ್ತು, ಅದನ್ನು ನಾನು...

ಇರಲಿ, ಮೊದಲಿನಿಂದ ಹೇಳುತ್ತೇನೆ.

ಆಗ ನಾವಿನ್ನೂ ಹೈಸ್ಕೂಲು ಹುಡುಗರು. ಇಮ್ತಿಯಾಜ್ ನಮ್ಮ ಕ್ಯಾಚರ್. ಬ್ಯಾಟ್ ಹಿಡಿದವನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ನನ್ನ ಎಸೆತ ಹಿಡಿಯುವವನು. ಅವನ ತಂದೆತಾಯಿ ಹುಬ್ಬಳ್ಳಿಯವರು, ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಮನೆ. ನಾನು ಹತ್ತು ವರ್ಷದವನಿದ್ದಾಗ ಮೈಸೂರು ಬಿಟ್ಟು ಬಂದವನು. ಯಾವ ಎಸೆತ ಬೇಕೆಂದು ಕ್ಯಾಚರ್ ಬೆರಳಿನಲ್ಲಿ ಸನ್ನೆ ಮಾಡುವುದು ಈ ಆಟದ ರೂಢಿ. ಆ ಸನ್ನೆಯನ್ನು ಎದುರಾಳಿಗಳು ಕದ್ದು ನೋಡುತ್ತಾರೆ. ಅದಕ್ಕೇ ಇಮ್ತಿಯಾಜ್ ಒಂದು ಉಪಾಯ ತೆಗೆದ. ಸನ್ನೆ ಏಕೆ, ಬಾಯಿಬಿಟ್ಟು ಕೂಗಿದರಾಯಿತು, ಕನ್ನಡದಲ್ಲಿ. ನೇರವಾಗಿ ನುಗ್ಗುವ ವೇಗದ ಚೆಂಡು ಮೂಲಂಗಿ. ಕೊನೆಯಲ್ಲಿ ಬಾಗುವುದು ಪಡವಲಕಾಯಿ. ವೇಗವಾಗಿ ಬರುವಂತೆ ಕಂಡು ನಿಧಾನವಾಗಿ ಬರುವುದು ಕುಂಬಳಕಾಯಿ.

"ಕುಂಬಳಕಾಯಿ ಒಗಿ ಲೇ" ಎಂದು ಅವನು ಮೈದಾನಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದ. ನನ್ನನ್ನು ಹುರಿದುಂಬಿಸುತ್ತಿದ್ದಾನೆ ಎಂದೇ ಎಲ್ಲರೂ ತಿಳಿದಿದ್ದರು. ಬ್ಯಾಟ್ ಬೀಸಿದವನು ಗಾಳಿಗೆ ಹೊಡೆದು ಪೆಚ್ಚಾಗಿ ನಿಲ್ಲುತ್ತಿದ್ದ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ನಾನು, ಆ ಬೇಸಿಗೆಯಲ್ಲಿ ಮೈದಾನದಲ್ಲಿ ಮಾತ್ರ ಕನ್ನಡದವನಾಗಿದ್ದೆ. ಸಾಲಾಗಿ ಗೆದ್ದೆವು. ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಬಂತು—ನನ್ನದೊಂದೇ.

ಆ ಬೇಸಿಗೆಯ ಒಂದು ಟೂರ್ನಿಯ ಫೈನಲ್ ಚಿಕಾಗೋ ಬಳಿ. ಹಿಂದಿನ ದಿನವೇ ವ್ಯಾನಿನಲ್ಲಿ ಹೋಗಿ ಮೋಟೆಲಿನಲ್ಲಿ ಇಳಿದೆವು. ಸಂಜೆ ಇಮ್ತಿಯಾಜ್ ತನ್ನ ಚಿಕ್ಕಮ್ಮನ ಮನೆಗೆ ಹೋದ. ನಾನು ಅಮ್ಮನ ಗೆಳತಿಯೊಬ್ಬರ ಮನೆಗೆ ಊಟಕ್ಕೆ ಹೋದೆ. ಆಂಟಿ ಬಿಸಿಬೇಳೆಬಾತ್ ಬಡಿಸುತ್ತಾ, "ಅದೇನೋ ತರಕಾರಿ ಹೆಸರು ಕೂಗ್ಕೊಂಡು ಆಡ್ತೀರಂತಲ್ಲೋ, ನಿಮ್ಮಮ್ಮ ಹೇಳ್ತಿದ್ಲು" ಎಂದು ನಕ್ಕರು. ಅಷ್ಟು ಸಾಕಾಯಿತು ನನಗೆ. ಯಾವ ತರಕಾರಿಗೆ ಯಾವ ಎಸೆತ ಎಂದು ಕೈ ತಿರುಗಿಸಿ, ಚಮಚ ಬಾಗಿಸಿ, ಎಲ್ಲ ಬಿಡಿಸಿ ಹೇಳಿದೆ.

ಎದುರಿಗೆ ಅವರ ಮಗ ರೋಹನ್ ಊಟಕ್ಕೆ ಕೂತಿದ್ದ. ಅವನು ಮರುದಿನದ ಎದುರಾಳಿ ತಂಡದವನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಏಕೆಂದರೆ ಅವನ ಬಾಯಿಂದ ಕನ್ನಡದ ಒಂದು ಪದವೂ ಬಂದಿರಲಿಲ್ಲ. ಇವನಿಗೇನು ತಿಳಿಯುತ್ತದೆ ಎಂದುಕೊಂಡೆ. ಆಂಟಿ "ಇನ್ನೊಂಚೂರು ತುಪ್ಪ ಹಾಕ್ಲಾ?" ಎಂದು ಅವನನ್ನು ಕನ್ನಡದಲ್ಲೇ ಕೇಳಿದರು, ಅವನು ಇಂಗ್ಲಿಷಿನಲ್ಲಿ ಬೇಡವೆಂದ. ನನ್ನ ಕಣ್ಣೆದುರೇ. ನಾನೂ ಮನೆಯಲ್ಲಿ ಅದನ್ನೇ ಮಾಡುವವನಲ್ಲವೇ—ಅಷ್ಟೂ ಹೊಳೆಯದಷ್ಟು ಜಂಬ ತಲೆಗೇರಿತ್ತು.

ಮರುದಿನ ಮೊದಲ ಎಸೆತದಿಂದಲೇ ಹೊಡೆತ ಬಿತ್ತು. ಇಮ್ತಿಯಾಜ್ ಕೂಗಿದೊಡನೆ ಅವರ ಬೆಂಚಿನಿಂದ ಒಂದು ಚಪ್ಪಾಳೆ, ಇಲ್ಲವೇ ಎರಡು, ಇಲ್ಲವೇ ಮೂರು—ತರಕಾರಿಗೊಂದು ಲೆಕ್ಕ. ಬ್ಯಾಟ್ ಹಿಡಿದವನು ಏನು ಬರುತ್ತದೆಂದು ತಿಳಿದೇ ಬೀಸುತ್ತಿದ್ದ. ಬೆರಳ ಸನ್ನೆಗೆ ಬದಲಾಯಿಸುವ ಹೊತ್ತಿಗೆ ಪಂದ್ಯ ಕೈತಪ್ಪಿ ಹೋಗಿತ್ತು. ಕೊನೆಗೆ ಅವರಲ್ಲೊಬ್ಬ ಬಿಳಿಯ ಹುಡುಗ ನಮ್ಮ ಮುಂದೆ ಹಾದು ಹೋಗುತ್ತಾ ತೊದಲು ನಾಲಿಗೆಯಲ್ಲಿ "ಮೂಲಂಗಿ" ಎಂದು ನಕ್ಕ.

ವ್ಯಾನಿನ ಹಿಂದಿನ ಸೀಟಿನಲ್ಲಿ ಇಮ್ತಿಯಾಜ್ ಕೇಳಿದ: "ನೀ ಯಾರಿಗರ ಹೇಳಿದ್ದೇನಲೇ?"

"ಇಲ್ಲ ಕಣೋ" ಎಂದೆ.

ಅವನು ತಲೆಯಾಡಿಸಿದ. ನನ್ನನ್ನು ನಂಬಿದ.

ವಾರೆನ್ ತಲುಪಿದ ಮೇಲೆ ಕೋಚ್ ನನ್ನೊಬ್ಬನನ್ನೇ ಕರೆದು ಕೇಳಿದರು. ಆಗ ನಾನು ಇಂಗ್ಲಿಷಿನಲ್ಲಿ ಆಡಿದ ಮಾತಿನ ಅರ್ಥ ಇಷ್ಟು: ಇಮ್ತಿಯಾಜ್‌ನ ನೆಂಟರು ಅಲ್ಲೇ ಇದ್ದಾರೆ, ನಿನ್ನೆ ಅವರ ಮನೆಗೆ ಹೋಗಿದ್ದ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಂಥ ಜಾಣತನ ನನಗೆ ಆಗಲೇ ಇತ್ತು.

ಲೀಗಿನ ಉಳಿದ ಪಂದ್ಯಗಳಲ್ಲಿ ಅವನನ್ನು ಆಡಿಸದೆ ಬೆಂಚಿನಲ್ಲಿ ಕೂರಿಸಿದರು. ಮರುವರ್ಷ ಅವನು ತಂಡಕ್ಕೆ ಬರಲಿಲ್ಲ. ನಾನು ಬೆಳೆದೆ—ಅದೇ ಕುಂಬಳಕಾಯಿಯನ್ನು ಎಸೆದೆಸೆದು. ಅದನ್ನು ತನ್ನ ಮನೆಯ ಹಿತ್ತಲಿನಲ್ಲಿ ನನಗೆ ಕಲಿಸಿಕೊಟ್ಟವನು ಅವನೇ ಎಂದು ಯಾವ ಸಂದರ್ಶನದಲ್ಲೂ ಹೇಳಲಿಲ್ಲ.

ಮಾತು ನಮ್ಮವರಲ್ಲೂ ಹಬ್ಬಿತು. ಯುಗಾದಿಗೆ ಎಲ್ಲರೂ ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ಕಿನಲ್ಲಿ ಒಬ್ಬ ಅಂಕಲ್, "ಆ ಹುಡುಗ ದುಡ್ಡು ಇಸ್ಕೊಂಡೇ ಹೇಳ್ದನಂತೆ" ಎಂದರು. ಅವನ ಹೆಸರು ಬೇರೆಯಾಗಿದ್ದರೆ ಈ ಮಾತಿಗೆ ಇಷ್ಟು ಬೇಗ ಕಾಲು ಬರುತ್ತಿತ್ತೇ? ನಾನು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದೆ. ಪುಳಿಯೋಗರೆ ಹಾಕಿಸಿಕೊಂಡು ಮುಂದಕ್ಕೆ ಹೋದೆ. ಪ್ರತಿ ರಾಜ್ಯೋತ್ಸವಕ್ಕೂ ಜೋಳದ ರೊಟ್ಟಿ, ಎಣ್ಣೆಗಾಯಿ ತರುತ್ತಿದ್ದ ಅವನ ತಾಯಿ ಕೂಟಕ್ಕೆ ಬರುವುದನ್ನೇ ನಿಲ್ಲಿಸಿದರು. ಆ ರೊಟ್ಟಿ ಈಗೇಕೆ ಇಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದುಂಟು. ಇಗೋ, ಇದಕ್ಕೆ.

ಕಳೆದ ಭಾನುವಾರ ಅವನ ಮನೆಗೆ ಹೋದೆ. ಅವನೀಗ ಸ್ಟರ್ಲಿಂಗ್ ಹೈಟ್ಸ್‌ನಲ್ಲೇ ಒಂದು ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಕ್ಷಮಿಸು ಎಂದೆ. ಅವನು ಬಯ್ಯಲಿಲ್ಲ, ಒಳಗೆ ಕರೆಯಲೂ ಇಲ್ಲ. ರಸ್ತೆಯನ್ನು ನೋಡುತ್ತಾ ಹೇಳಿದ:

"ನನಗ ಹೇಳಿ ಏನ್ ಮಾಡ್ತಿ? ನಾ ಹೇಳಿಲ್ಲಂತ ನನಗ ಮೊದ್ಲ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳ್ ಹೋಗು."

ಗೊತ್ತಿಲ್ಲದವರು ನೀವು. ಅದಕ್ಕೇ ಈ ಬರಹ. ಸಂಪಾದಕರೇ, ಇದರಲ್ಲಿ ಒಂದು ಸಾಲನ್ನೂ ತೆಗೆಯಬೇಡಿ.

ರಾಜ್ಯೋತ್ಸವದ ದಿನ ನನಗೆ ಶಾಲು ಹೊದಿಸುತ್ತೀರಂತೆ. ಅದಕ್ಕೂ ಮೊದಲು ಮೈಕನ್ನು ನನ್ನ ಕೈಗೆ ಕೊಡಿ. ಇದನ್ನೇ ಎದ್ದು ನಿಂತು ಓದುತ್ತೇನೆ. ಆಮೇಲೆ ಶಾಲನ್ನು ಏನು ಮಾಡುವುದೆಂದು ನೀವೇ ಯೋಚಿಸಿ. ಕನ್ನಡದಲ್ಲೇ ಓದುತ್ತೇನೆ. ಹಿಂದಿನ ಸಾಲಿನಲ್ಲಿ ಕೂತು ಇಂಗ್ಲಿಷಿನಲ್ಲಿ ಮಾತನಾಡಿಕೊಳ್ಳುವ ನಿಮ್ಮ ಮಕ್ಕಳಿಗೂ ಅದು ಪೂರ್ತಿ ಅರ್ಥವಾಗುತ್ತದೆ. ಅಷ್ಟನ್ನಂತೂ ರೋಹನ್‌ನಿಂದ ನಾನು ಕಲಿತಿದ್ದೇನೆ.