ದಾರಿ ಕೇಳದವರು

ಅಡುಗೆಮನೆಯ ಮೇಲಿನ ಕಪಾಟು ಖಾಲಿ ಮಾಡುತ್ತಿದ್ದಾಗ ಹಿಂದಿನ ಮೂಲೆಯಲ್ಲಿ ಒಂದು ಹಳೆಯ ಜಾಮ್ ಬಾಟಲಿ ಸಿಕ್ಕಿತು. ಏನಿರಬಹುದು ಎಂದು ಮುಚ್ಚಳ ತಿರುಗಿಸಿದೆ. ಜಾಯಿಕಾಯಿಯ ವಾಸನೆ ಮೂಗಿಗೆ ಹೊಡೆಯಿತು. ಅಷ್ಟು ವರ್ಷ ಕತ್ತಲಲ್ಲಿ ಕೂತಿದ್ದರೂ ಅದರ ಸೊಕ್ಕು ಸ್ವಲ್ಪವೂ ಇಳಿದಿರಲಿಲ್ಲ. ಸ್ಟೂಲಿನ ಮೇಲೆ ನಿಂತಿದ್ದವಳು ಇಳಿದು ನೆಲದ ಮೇಲೆಯೇ ಕುಳಿತುಬಿಟ್ಟೆ. ನನ್ನ ವಯಸ್ಸಿನವರು ಸ್ಟೂಲ್ ಹತ್ತಬಾರದು, ಗೊತ್ತಿದೆ. ಹತ್ತಬೇಡ ಎಂದು ಗದರಿಸುವವರು ಈಗ ಮನೆಯಲ್ಲಿಲ್ಲ, ಅದಕ್ಕೇ ಹತ್ತಿದ್ದೆ.

ನಮ್ಮವರು ತೀರಿಕೊಂಡು ನಾಲ್ಕು ತಿಂಗಳಾಯಿತು. ನೀವು ಕೊಲ್ಲಿಯಲ್ಲಿ ಇದ್ದವರಾದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಹೆಂಡತಿಯ ಇಕಾಮಾ, ಅಂದರೆ ವಾಸದ ಪರವಾನಗಿ, ಗಂಡನ ಕೆಲಸದ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅವನಿಲ್ಲದ ಮೇಲೆ ಅವಳಿಗೆ ಇಲ್ಲಿರಲು ಅನುಮತಿಯೂ ಇಲ್ಲ. ಕ್ರಿಯೆಗೆಂದು ಊರಿಗೆ ಹೋಗಿ, ಇದ್ದ ಇಕಾಮಾದ ದಿನ ತೀರುವ ಮೊದಲು ಮನೆ ಬರಿದು ಮಾಡಲೆಂದು ಮರಳಿ ಬಂದಿದ್ದೇನೆ. ತಿಂಗಳ ಕೊನೆಗೆ ಕುವೈತಿನ ಹವಲ್ಲಿಯ ಈ ಫ್ಲ್ಯಾಟಿನ ಕೀಲಿಕೈ ಒಪ್ಪಿಸಬೇಕು. ಆದರೆ ಹೋಗುವುದು ಎಲ್ಲಿಗೆ? ಊರಲ್ಲೊಂದು ಮನೆ ಕಟ್ಟಿಸೋಣ ಎಂದು ನಾವಿಬ್ಬರೂ ಪ್ರತಿ ರಜೆಗೂ ಮಾತಾಡಿದೆವು, ಅಂಗಳದಲ್ಲಿ ಯಾವ ಗಿಡ ನೆಡಬೇಕು ಎಂದು ಜಗಳವನ್ನೂ ಆಡಿದೆವು, ಕಟ್ಟಿಸುವುದೊಂದು ಬಾಕಿಯಾಯಿತು. ಈಗ ಮೊದಲು ಕಾಪುವಿನಲ್ಲಿ ಮೈದುನನ ಮನೆ, ಆಮೇಲೆ ಪುಣೆಯಲ್ಲಿ ಮಗಳ ಮನೆ, ಆಮೇಲೆ ನೋಡೋಣ ಎಂದು ಎಲ್ಲರೂ ಹೇಳುತ್ತಾರೆ. ಈ 'ಆಮೇಲೆ ನೋಡೋಣ' ಎಂಬ ಊರು ಯಾವ ಜಿಲ್ಲೆಯಲ್ಲಿದೆಯೋ ನನಗೆ ತಿಳಿಯದು.

ಇದೆಲ್ಲ ಹೇಗೋ ಆಗುತ್ತದೆ ಎಂದಿಟ್ಟುಕೊಳ್ಳಿ. ನನ್ನನ್ನು ಒಳಗಿಂದ ತಿನ್ನುತ್ತಿರುವುದು ಬೇರೆ. ಈ ನಾಲ್ಕು ತಿಂಗಳಲ್ಲಿ ಅವರು ಒಮ್ಮೆಯೂ ನನ್ನ ಕನಸಿಗೆ ಬಂದಿಲ್ಲ. ಪಕ್ಕದ ಬಿಲ್ಡಿಂಗಿನ ಬೆಕ್ಕು ಬಂದಿದೆ, ಮೂರನೇ ಕ್ಲಾಸಿನ ಗಣಿತದ ಮಾಸ್ತರು ಬಂದಿದ್ದಾರೆ, ಇವರು ಮಾತ್ರ ಇಲ್ಲ. ಮಗಳಿಗೆ ಹೇಳಿದರೆ 'ಅಮ್ಮಾ, ಯು ನೀಡ್ ಸ್ಲೀಪ್' ಎನ್ನುತ್ತಾಳೆ. ನಿದ್ದೆ ಬರುತ್ತದೆ ಮಗಳೇ, ನಿದ್ದೆಯೊಳಗೆ ನಿನ್ನ ಅಪ್ಪ ಬರುವುದಿಲ್ಲ ಎಂದು ಅವಳಿಗೆ ಹೇಗೆ ಅರ್ಥ ಮಾಡಿಸಲಿ. ಸತ್ತವರು ಕನಸಿಗೆ ಬಂದೇ ಬರುತ್ತಾರೆ ಎಂದು ನನ್ನ ತಲೆಯಲ್ಲಿ ತುಂಬಿದವಳು ಈ ಜಾಯಿಕಾಯಿ ಕೊಟ್ಟ ವೆರ್ನಾ ಮಿಸ್.

ವೆರ್ನಾ ನಮ್ಮ ಮೇಲಿನ ಮಹಡಿಯಲ್ಲಿದ್ದಳು. ಇಲ್ಲಿಯ ಒಂದು ಇಂಗ್ಲಿಷ್ ಶಾಲೆಯಲ್ಲಿ ಟೀಚರು. ನಾವು ಟೀಚರುಗಳನ್ನು ಮಿಸ್ ಎನ್ನುತ್ತೇವಲ್ಲ. ಅವಳ ಊರಿನಲ್ಲಿ ಮರ್ಯಾದೆಯ ಹೆಂಗಸರನ್ನೆಲ್ಲ ಹೆಸರಿಗೆ ಮಿಸ್ ಸೇರಿಸಿಯೇ ಕರೆಯುತ್ತಾರಂತೆ. ಆ ಊರು ಕೆರಿಬಿಯನ್ ಸಮುದ್ರದಲ್ಲಿ, ಗ್ರೆನಡಾ ಎಂಬ ದ್ವೀಪದ ಪಕ್ಕದ ಇನ್ನೂ ಸಣ್ಣ ದ್ವೀಪ, ಕ್ಯಾರಿಯಾಕು. ಕೆರಿಬಿಯನ್ ಎಂದರೆ ಕ್ರಿಕೆಟ್ ಎಂದಷ್ಟೇ ತಿಳಿದಿದ್ದ ನಾನು ಮೊದಲ ದಿನವೇ ಅವಳನ್ನು ಕ್ರಿಕೆಟ್ ಬಗ್ಗೆ ಕೇಳಿದೆ. ತನಗೆ ಅದರ ತಲೆಬುಡ ಗೊತ್ತಿಲ್ಲ ಎಂದಳು. ನನಗೂ ಗೊತ್ತಿಲ್ಲದ್ದರಿಂದ ಸ್ನೇಹ ಗಟ್ಟಿಯಾಯಿತು.

ಅವಳ ಮುಖ್ಯ ರೋಗವೆಂದರೆ ಲಿಫ್ಟಿಗೆ ಕಾಲಿಟ್ಟ ಕೂಡಲೇ 'ಗುಡ್ ಮಾರ್ನಿಂಗ್' ಎಂದು ಎಲ್ಲರಿಗೂ ಕೇಳುವಂತೆ ಹೇಳುವುದು. ಅರಬರು ಸಲಾಂ ಹೇಳುತ್ತಾರೆ, ಪಾಪ, ಅವರಿಗೆ ಕಷ್ಟವಿರಲಿಲ್ಲ. ಮೇಲಿನ ಅಂಕಿಗಳನ್ನೇ ನೋಡುತ್ತಾ, ಯಾರೂ ಮಾತಾಡಿಸದಿದ್ದರೆ ಸಾಕು ಎಂದು ನಿಲ್ಲುವವರು ನಾವು, ನಮ್ಮ ಕಡೆಯವರು. ಅವಳ ದ್ವೀಪದಲ್ಲಿ ಅಂಗಡಿಗೆ ಹೋದರೂ ಬಸ್ಸು ಹತ್ತಿದರೂ ಮೊದಲು ಒಳಗಿದ್ದವರಿಗೆಲ್ಲ ಒಟ್ಟಿಗೆ ನಮಸ್ಕಾರ ಹೇಳಬೇಕು. ಹೇಳದೆ ಬ್ರೆಡ್ ಕೇಳಿದರೆ ಅಂಗಡಿಯಾಕೆ ಕಿವಿ ಕೇಳದವಳಂತೆ ಬೇರೆ ಕೆಲಸ ಮಾಡುತ್ತಾಳಂತೆ. ಅಲ್ಲಿ ಬಸ್ಸೆಂದರೆ ಸಣ್ಣ ವ್ಯಾನು. ಇಳಿಯಬೇಕಾದರೆ ಒಳಗಿನಿಂದ ತಗಡಿಗೆ ಗೆಣ್ಣಿನಿಂದ ಕುಟ್ಟಬೇಕು, ಡ್ರೈವರ್ ನಿಲ್ಲಿಸುತ್ತಾನೆ. ವೆರ್ನಾ ಕುವೈತಿಗೆ ಬಂದ ಹೊಸತರಲ್ಲಿ ಇಲ್ಲಿಯ ಸಿಟಿ ಬಸ್ಸಿನಲ್ಲೂ ಹಾಗೆಯೇ ಕುಟ್ಟಿದಳು. ಮಲಬಾರಿನ ಡ್ರೈವರ್ ಏನೋ ಕಳಚಿ ಬಿತ್ತೆಂದು ಬಸ್ಸು ನಿಲ್ಲಿಸಿ, ಇಳಿದು, ಸುತ್ತ ಬಗ್ಗಿ ಟೈರುಗಳನ್ನು ನೋಡತೊಡಗಿದ. ಇವಳು ಅವನಿಗೆ ಥ್ಯಾಂಕ್ಯೂ ಹೇಳಿ ತನ್ನ ಪಾಡಿಗೆ ನಡೆದು ಬಂದಳು. ಇದನ್ನು ಹೇಳುವಾಗಲೂ ಅವಳಿಗೆ ಡ್ರೈವರನ ತಪ್ಪೇ ಕಾಣುತ್ತಿತ್ತು.

ನಮ್ಮವರಿಗೂ ಅವಳಿಗೂ ಹೇಗೆ ಹೊಂದಿಕೆಯಾಯಿತು ಎಂಬುದು ಆಶ್ಚರ್ಯ. ಇವರು ಅರ್ದಿಯಾದ ಒಂದು ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವರು, ಡಬ್ಬಗಳ ಜೊತೆ ಇದ್ದು ಇದ್ದು ಡಬ್ಬದ ಹಾಗೆಯೇ ಮುಚ್ಚಿಕೊಂಡವರು. ಮೊದಲ ವರ್ಷ ಅವಳ ಗುಡ್ ಮಾರ್ನಿಂಗಿಗೆ ಗಂಟಲು ಸರಿಮಾಡಿಕೊಂಡರು. ಎರಡನೇ ವರ್ಷ ತಲೆಯಾಡಿಸಿದರು. ಊರಿಂದ ಬಂದವರೊಬ್ಬರ ಪೆಟ್ಟಿಗೆಯಲ್ಲಿ ನಮಗೊಂದು ಜೀಗುಜ್ಜೆ, ಅಂದರೆ ದೀವಿಹಲಸು, ಬಂದಾಗ ಎಲ್ಲ ಬದಲಾಯಿತು. ವೆರ್ನಾ ಅದನ್ನು ನೋಡಿದವಳೇ ಎತ್ತಿ ಎದೆಗೆ ಒತ್ತಿಕೊಂಡಳು. ಅವಳ ದ್ವೀಪದಲ್ಲಿ ಅದು ಬೇಲಿಬೇಲಿಯಲ್ಲೂ ಇದೆಯಂತೆ. ನಾನು ಹೆಚ್ಚಿ ಪೋಡಿ ಕರಿಯಲು ಚಾಕು ತೆಗೆದಿದ್ದೆ. ಅವಳು ನನ್ನನ್ನು ಸರಿಸಿ, ತೆಂಗಿನ ಹಾಲು, ಅರಸಿನ, ಉಪ್ಪುಮೀನು, ಕೆಸುವಿನ ಎಲೆ ಎಲ್ಲ ಒಂದೇ ಪಾತ್ರೆಗೆ ಹಾಕಿ, ಹಾಲು ಇಂಗಿ ಎಣ್ಣೆ ಬಿಡುವವರೆಗೆ ಬೇಯಿಸಿದಳು. ಇವರು ಎರಡು ಸಲ ಬಡಿಸಿಕೊಂಡು, ಕೈ ತೊಳೆದು, ಇದು ನಮ್ಮದೇ ಅಲ್ವಾ ಎಂದರು. ಅಡುಗೆಯ ವಿಷಯದಲ್ಲಿ ಅವರ ಬಾಯಿಂದ ಅಷ್ಟುದ್ದದ ಮಾತು ನನಗೆ ಸಿಕ್ಕಿದ್ದು ನೆನಪಿಲ್ಲ.

ವೆರ್ನಾಳ ಅಮ್ಮ ದ್ವೀಪದಲ್ಲಿ ತೀರಿಹೋದಾಗ ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು, ರಜೆ ಸಿಗಲಿಲ್ಲ. ಇಲ್ಲಿ ಇದೇನೂ ಹೊಸ ಸಂಗತಿಯಲ್ಲ, ನಮ್ಮ ನಮ್ಮ ಮನೆಯ ಸಾವನ್ನು ಫೋನಿನಲ್ಲಿ ನೋಡಿಯೇ ನಾವೆಲ್ಲ ಅತ್ತವರು. ಅವಳು ಅತ್ತದ್ದು ಕಡಿಮೆ. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಕೆಳಗಿಳಿದು ಬಂದು, ಅಮ್ಮ ಬಂದಿದ್ದಳು ಎಂದಳು. ಕನಸಿನಲ್ಲಿ. ಹಸಿವಾಗಿದೆ ಎಂದಳಂತೆ.

ಅವಳ ಊರಿನಲ್ಲಿ ಇದಕ್ಕೆ ಒಂದು ಕ್ರಮವಿದೆ. ಸತ್ತವರು ಕನಸಿನಲ್ಲಿ ಬಂದು ಊಟ ಕೇಳಿದರೆ ಮನೆಯವರು ಅಡುಗೆ ಮಾಡಿ ನೆರೆಯವರನ್ನೆಲ್ಲ ಕರೆಯಬೇಕು. ಎಲ್ಲರಿಗಿಂತ ಮೊದಲು ಒಳಕೋಣೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ ಹಿರಿಯರ ತಟ್ಟೆ ಇಡಬೇಕು. ಅವರು ಉಂಡಾಯಿತು ಎನಿಸುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ವೆರ್ನಾ ಅಷ್ಟನ್ನೂ ಹವಲ್ಲಿಯಲ್ಲಿ ಮಾಡಿದಳು. ಮುಸುಕಿನ ಜೋಳದ ಹಿಟ್ಟಿನ ಮುದ್ದೆ, ಅನ್ನದ ಉಂಡೆ, ಕೋಳಿ, ಮೀನು. ಕೋಣೆಯ ಬಾಗಿಲು ಮುಚ್ಚಿ ಹೊರಗೆ ನಿಂತಾಗ ನನಗೆ ನಮ್ಮೂರೇ ನೆನಪಾಯಿತು. ಆಟಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ನಮ್ಮ ಮನೆಗಳಲ್ಲಿ ಸತ್ತವರಿಗೆ ಬಡಿಸುವುದಿಲ್ಲವೇ? ಬಾಳೆಲೆ ಹಾಕಿ, ಕೋಳಿ ಸಾರು ಬಡಿಸಿ, ಬಾಗಿಲು ಎಳೆದುಕೊಂಡು ನಾವೆಲ್ಲ ಉಸಿರು ಬಿಗಿಹಿಡಿದು ಹೊರಗೆ ನಿಲ್ಲುವುದಿಲ್ಲವೇ? ಅಷ್ಟು ದೂರದ ಸಮುದ್ರದ ಜನ ಇದನ್ನು ಎಲ್ಲಿಂದ ಕಲಿತರೋ. ಸತ್ತವರ ಹಸಿವು ಎಲ್ಲ ಊರಿನಲ್ಲೂ ಒಂದೇ ಇರಬೇಕು.

ಕಾಯುತ್ತಾ ನಿಂತಾಗ ನಾನು ಮೆಲ್ಲಗೆ ಕೇಳಿದೆ: ನಿನ್ನ ಅಮ್ಮ ದ್ವೀಪ ಬಿಟ್ಟು ಹೊರಗೆ ಹೋದವಳೇ ಅಲ್ಲ ಎಂದಿದ್ದೆಯಲ್ಲ, ಕುವೈತಿನ ದಾರಿ ಅವಳಿಗೆ ಹೇಗೆ ತಿಳಿಯಿತು?

"ಅದನ್ನೇ ನಾನೂ ಅವಳಿಗೆ ಕೇಳಿದೆ" ಎಂದಳು ವೆರ್ನಾ. "ಸಿಕ್ಕಿದವರಿಗೆಲ್ಲ ಗುಡ್ ಈವ್ನಿಂಗ್ ಹೇಳಿದೆ, ದಾರಿ ಕೇಳಿದೆ, ಬಂದೆ ಅಂದಳು. ಇಲ್ಲಿಯ ಜನ ಒಳ್ಳೆಯವರು ಅಂದಳು."

ಇವರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಹುಟ್ಟಿದಂದಿನಿಂದ ಯಾರ ಹತ್ತಿರವೂ ದಾರಿ ಕೇಳದ ಮನುಷ್ಯ. ಒಮ್ಮೆ ಫಹಾಹೀಲಿನಲ್ಲಿ ನಮ್ಮೂರಿನವರ ಮಗಳ ಮದುವೆಗೆ ಹೊರಟು, ಹೋದ ರಸ್ತೆಯಲ್ಲೇ ಮತ್ತೆ ಮತ್ತೆ ಹೋಗುತ್ತಿದ್ದೆವು. ನಿಲ್ಲಿಸಿ ಆ ಪೆಟ್ರೋಲ್ ಪಂಪಿನ ಭಾಯಿಗೆ ಕೇಳಿ ಎಂದೆ. "ಗೊತ್ತುಂಟು ಮಾರಾಯ್ತಿ. ಕೇಳ್ಲಿಕ್ಕೆ ಎಂತ ಉಂಟು ಅದರಲ್ಲಿ?" ಎಂದರು. ನಾವು ತಲುಪಿದಾಗ ಮದುಮಗಳು ಮಲ್ಲಿಗೆ ಬಿಚ್ಚಿಟ್ಟು ಐಸ್‌ಕ್ರೀಮ್ ತಿನ್ನುತ್ತಿದ್ದಳು. ಫೋನಿನಲ್ಲಿ ಮ್ಯಾಪ್ ಬಂದ ಮೇಲೆ ನಾನು ಬದುಕಿದೆ ಅಂದುಕೊಂಡೆ. ಅದರಲ್ಲಿ ಮಾತಾಡುವ ಹೆಂಗಸಿನ ದನಿಯನ್ನೇ ಬಂದ್ ಮಾಡಿದರು.

ಸಾಯುವಾಗಲೂ ಹಾಗೆಯೇ. ಎದೆ ಹಿಡಿದಂತಾಗಿ ಗೋದಾಮಿನ ಹೊರಗೆ ಕಾರಿನಲ್ಲಿ ಕುಳಿತರಂತೆ. ಗಾಜಿನ ಆಚೆ ಹುಡುಗರು ಲಾರಿಯಿಂದ ಸರಕು ಇಳಿಸುತ್ತಿದ್ದರು. ಒಂದು ಹಾರ್ನ್ ಹೊಡೆದಿದ್ದರೆ ಹತ್ತು ಜನ ಓಡಿ ಬರುತ್ತಿದ್ದರು. ಹೊಡೆಯಲಿಲ್ಲ. ಏಸಿ ಹಾಕಿಕೊಂಡು ಸ್ವಲ್ಪ ಸುಧಾರಿಸಿಕೊಳ್ಳುತ್ತಿದ್ದಾರೆ ಎಂದು ಹುಡುಗರು ತಿಳಿದರು. ಇವರ ಮೇಲೆ ನನಗೆ ಬರುವ ಸಿಟ್ಟನ್ನು ಯಾರ ಮುಂದೆ ತೋರಿಸಲಿ ಹೇಳಿ. ಸತ್ತ ಗಂಡನ ಮೇಲೆ ಸಿಟ್ಟು ಮಾಡುವ ಹೆಂಗಸನ್ನು ನೀವೂ ಮೆಚ್ಚಲಾರಿರಿ.

ಕಳೆದ ವಾರ ನಾನೂ ತಟ್ಟೆ ಇಟ್ಟೆ. ಯಾರಿಗೂ ಹೇಳಲಿಲ್ಲ. ಕೋರಿ ರೊಟ್ಟಿ, ಸುಕ್ಕ, ಫ್ರೀಜರಿನಲ್ಲಿ ಉಳಿದಿದ್ದ ಜೀಗುಜ್ಜೆಯ ತುಂಡು. ಮೇಜನ್ನು ಸೋಫಾದ ಜೊತೆ ಮಾರಿಯಾಗಿತ್ತು, ನೆಲದ ಮೇಲೆಯೇ ಬಟ್ಟೆ ಹಾಸಿದೆ. ಅವರು ಕೇಳದೆ ಇಟ್ಟದ್ದು ಕ್ರಮವಲ್ಲ ಎಂದು ಗೊತ್ತಿತ್ತು. ಅವರು ಬದುಕಿರುವಾಗಲೂ ಕೇಳಿದವರಲ್ಲ, ನಾನೇ ಬಡಿಸುತ್ತಿದ್ದೆ. ಬಾಗಿಲು ತೆಗೆದಾಗ ರೊಟ್ಟಿ ಸಾರಿನಲ್ಲಿ ಮುದ್ದೆಯಾಗಿತ್ತು. ನಾನೇ ಕುಳಿತು ತಿಂದೆ. ಕನಸು ಬರಲಿಲ್ಲ.

ಇವತ್ತು ಆ ಜಾಯಿಕಾಯಿ ಮಡಿಲಲ್ಲಿಟ್ಟುಕೊಂಡು ವೆರ್ನಾಗೆ ಫೋನ್ ಮಾಡಿದೆ. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಅವಳು ಊರಿಗೆ ಮರಳಿದ್ದು ಒಂದು ಬಿರುಗಾಳಿ ಬಂದು ಹೋದ ಮೇಲೆ. ದ್ವೀಪದಲ್ಲಿ ಮನೆಗಳ ತಗಡಿನ ಮಾಡುಗಳೆಲ್ಲ ಹಾರಿಹೋಗಿದ್ದವು, ಅವಳ ಮನೆಯದ್ದೂ. ಈಗಲೂ ಅರ್ಧ ಮನೆಗೆ ಟಾರ್ಪಾಲು. ಸ್ಮಶಾನ ಸಮುದ್ರದ ದಡದಲ್ಲಿದೆ, ನೀರು ಒಂದೊಂದೇ ಸಾಲು ತಿನ್ನುತ್ತಾ ಬರುತ್ತಿದೆ ಎಂದಳು. ನಾನು ನನ್ನದನ್ನು ಹೇಳಿಕೊಂಡೆ. ಇವರು ಒಮ್ಮೆಯೂ ಬಂದಿಲ್ಲ ಎಂದೆ. ಏನಾದರೂ ಸಮಾಧಾನ ಹೇಳುತ್ತಾಳೆ ಎಂದು ಕಾದೆ. ಅವಳ ಕಡೆ ಕೋಳಿ ಕೂಗುತ್ತಿತ್ತು.

"ಅಮ್ಮನೂ ಬರುವುದಿಲ್ಲ ಈಗ" ಎಂದಳು. "ನಾನು ಊರಿಗೆ ಬಂದ ಮೇಲೆ ಒಂದು ಸಲವೂ ಬಂದಿಲ್ಲ. ನನಗೆ ಅನಿಸುತ್ತದೆ, ಅವಳು ಹವಲ್ಲಿಗೇ ಹೋಗುತ್ತಿದ್ದಾಳೆ. ನಾನು ಹೊರಟಿದ್ದು ಅವಳಿಗೆ ಯಾರು ಹೇಳಬೇಕು? ನೀನು ಇನ್ನೂ ಅಲ್ಲೇ ಇದ್ದೀಯಲ್ಲ. ಒಂದು ಸಲ ನನ್ನ ಬಾಗಿಲಿಗೆ ಹೋಗಿ ಹೇಳಿ ಬಾ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆನೇನೋ. ಆಯಿತು ಎಂದೆ. ಫೋನ್ ಇಟ್ಟ ಮೇಲೆ ನನ್ನ ತಲೆಯಲ್ಲಿ ಒಂದೇ ಯೋಚನೆ. ವೆರ್ನಾಳ ಅಮ್ಮನಂಥವಳೇ, ಊರನ್ನೆಲ್ಲ ಮಾತಾಡಿಸುವವಳೇ, ಮಗಳು ಹೋದದ್ದು ತಿಳಿಯದೆ ಇಲ್ಲಿ ಅಲೆಯುತ್ತಿದ್ದರೆ, ಇವರ ಗತಿ ಏನು? ಇವರಿಗೆ ಗೊತ್ತಿರುವುದು ಅರ್ದಿಯಾದಿಂದ ಹವಲ್ಲಿಯ ರಸ್ತೆ ಒಂದೇ. ತಿಂಗಳ ಕೊನೆಗೆ ಆ ರಸ್ತೆಯ ತುದಿಯಲ್ಲಿ ನಾನೂ ಇರುವುದಿಲ್ಲ.

ಸಂಜೆ ಮೇಲಿನ ಮಹಡಿಗೆ ಹೋದೆ. ಅವಳ ಫ್ಲ್ಯಾಟಿನಲ್ಲಿ ಈಗ ಈಜಿಪ್ಟಿನ ಒಂದು ಸಂಸಾರವಿದೆ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಟಿವಿಯ ಗಲಾಟೆ. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಮುಚ್ಚಿದ ಬಾಗಿಲಿಗೆ ಗುಡ್ ಈವ್ನಿಂಗ್ ಎಂದೆ. ಮುಂದಿನದ್ದೆಲ್ಲ ತುಳುವಿನಲ್ಲೇ ಬಂತು. ನಿಮ್ಮ ಮಗಳು ಊರಿಗೆ ಹೋಗಿ ಬಹಳ ದಿನವಾಯಿತಮ್ಮಾ, ಮನೆಗೆ ಮಾಡು ಹಾಕಿಸುತ್ತಿದ್ದಾಳೆ, ನೀವು ಅಲ್ಲಿಗೇ ಹೋಗಿ ಎಂದೆ. ಹೇಳುವ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೂ ಅಲ್ಲೇ ನಿಂತೆ. ಹೋಗುವಾಗ ಒಂದು ಉಪಕಾರ ಮಾಡಿ ಎಂದೆ. ಕೆಳಗೆ ಎಲ್ಲಾದರೂ ಒಬ್ಬರು ನಿಂತಿರುತ್ತಾರೆ, ಲಿಫ್ಟಿನ ಅಂಕಿಗಳನ್ನು ನೋಡುತ್ತಾ. ಅವರು ಕೇಳುವ ಜನ ಅಲ್ಲ. ನೀವಾಗಿ ಮಾತಾಡಿಸಿ. ನಿನ್ನ ಹೆಂಡತಿ ಇಲ್ಲಿಲ್ಲ, ಇಂಥಲ್ಲಿದ್ದಾಳೆ ಎಂದು ಹೇಳಿಬಿಡಿ.

ವಿಳಾಸ ಹೇಳಲು ಬಾಯಿ ತೆರೆದೆ. ಕಾಪು ಎಂದು ಶುರು ಮಾಡಿದೆ. ಅದು ಮಳೆಗಾಲದವರೆಗೆ. ಪುಣೆ ಎನ್ನಲೇ? ಮಗಳ ಮನೆ ಎಷ್ಟನೇ ಮಹಡಿ ಎಂಬುದೂ ನನಗೆ ಬಾಯಿಗೆ ಬರುವುದಿಲ್ಲ, ಅವಳೂ ಬೇರೆ ಮನೆ ನೋಡುತ್ತಿದ್ದಾಳೆ. ಆಮೇಲಿನದ್ದು ಯಾರಿಗೆ ಗೊತ್ತು. ಒಳಗೆ ಟಿವಿ ನಿಂತಿತು, ಯಾರೋ ಬಾಗಿಲ ಕಡೆ ಬರುವ ಸದ್ದಾಯಿತು. ವೆರ್ನಾಳ ಅಮ್ಮನಿಗೆ ನನ್ನದೊಂದು ವಿಳಾಸ ಕೊಡಲಾಗದೆ ನಾನು ಮೆಟ್ಟಿಲಿಳಿದು ಬಂದೆ.